ಪಥ್ಯದ ಕ್ಯಾರಿಯರ್

"ಜಮೀನು ಕೊಡಕಿಲ್ಲ ಕಣಪ್ಪ. ನಾನ್ ಉಸ್ರಾಡೋ ಗಂಟ ಆ ಮಾತೆತ್ತಬ್ಯಾಡಿ" ಅಂದವನೇ ಪುಟ್ಟಸ್ವಾಮಿ ಎದ್ದು, ಪಂಚೆ ಕೊಡವಿಕೊಂಡು ಹೊರಟುಹೋದ. ಕಾರ್ಖಾನೆಯಿಂದ ಬಂದಿದ್ದ ಸಾಹೇಬರು ಕುಡಿಯುತ್ತಿದ್ದ ಕಾಫಿಯನ್ನು ಅರ್ಧಕ್ಕೆ ಬಿಟ್ಟು ಕಾರು ಹತ್ತಿದರು. ಬಾಲರಾಜು ಅವರ ಹಿಂದೆ ಹಲ್ಲು ಕಿರಿದುಕೊಂಡು ನಾಲ್ಕು ಹೆಜ್ಜೆ ಓಡಿದ. ಅವರನ್ನು ಅಲ್ಲಿಯ ತನಕ ಕರೆಸಲು ಅವನು ಯಾರ್ಯಾರ ಕಾಲು ಹಿಡಿದಿದ್ದನೋ ಅವನಿಗೇ ಗೊತ್ತು.

ಹೆದ್ದಾರಿ ಅಗಲವಾದ ಮೇಲೆ ಬಿಡದಿಯ ಕಡೆಯಿಂದ ಕಾರ್ಖಾನೆಗಳು ಒಂದೊಂದಾಗಿ ರಾಮನಗರದತ್ತ ಸರಿದು ಬರುತ್ತಿದ್ದ ಕಾಲ ಅದು. ರಸ್ತೆ ಬದಿಯ ಬಂಡೆಗೂ ಬೆಲೆ ಬಂದಿತ್ತು. ಬಾಲರಾಜುವಿನ ಹೋಟೆಲು ನಿಂತಿದ್ದ ಜಾಗಕ್ಕೆ ಬಾರದೆ ಇರುತ್ತದೆಯೇ? ಆದರೆ ಹೋಟೆಲು ಮಾತ್ರ ಅವನದು, ಜಾಗ ಅವನದಲ್ಲ. ಅದು ದೊಡ್ಡಪ್ಪನ ಸ್ವಂತ ಸಂಪಾದನೆ. ಈಗ ದೊಡ್ಡಪ್ಪನ ಒಬ್ಬನೇ ಮಗ ಪುಟ್ಟಸ್ವಾಮಿಯ ಹೆಸರಿನಲ್ಲಿತ್ತು. "ಹೋಟ್ಲು ಮಾಡ್ಕೊಂಡು ಬದುಕ್ಕೊ ಹೋಗ್ಲಾ ತಮ್ಮ" ಎಂದು ಅಣ್ಣ ಬಾಡಿಗೆಯನ್ನೂ ಕೇಳದೆ ಕೊಟ್ಟಿದ್ದ. ಸೋಗೆ ಗುಡಿಸಲಿನಲ್ಲಿ ಇಡ್ಲಿ ಬೇಯಿಸಿ ಹೊಗೆ ಕುಡಿದವನು ಬಾಲರಾಜು. ಆರ್‌ಸಿಸಿ ಕಟ್ಟಿಸಿದವನು ಬಾಲರಾಜು. ಜಾಗ ಬಿಟ್ಟುಕೊಟ್ಟರೆ ಕಾರ್ಖಾನೆಯ ಒಳಗಿನ ಕ್ಯಾಂಟೀನು ನಿನಗೇ ಎಂದು ಸಾಹೇಬರು ಹೇಳಿದ್ದರು. ಮೂರು ಪಾಳಿ, ಪ್ರತಿ ಪಾಳಿಗೂ ತುಂಬಿದ ಊಟದ ಕೋಣೆ. ಗಿರಾಕಿ ಬರುತ್ತಾನೋ ಇಲ್ಲವೋ ಎಂದು ರಸ್ತೆ ನೋಡುತ್ತ ಕೂರುವ ಬಾಳು ಅಲ್ಲಿಗೆ ಮುಗಿಯುತ್ತಿತ್ತು. ಅದನ್ನು ಈ ಅಣ್ಣ ಒಂದೇ ಮಾತಿನಲ್ಲಿ ಮಣ್ಣುಪಾಲು ಮಾಡಿದ.

ಉಸಿರಾಡುವ ತನಕ ಅಂದನಲ್ಲ. ಆಮೇಲೆ? ಬಾಲರಾಜು ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಅದನ್ನೇ ಯೋಚಿಸಿದ. ಅಣ್ಣನಿಗೆ ಮಕ್ಕಳಿಲ್ಲ. ಆಮೇಲೆ ಉಳಿಯುವವಳು ಅತ್ತಿಗೆ ಕೆಂಚಮ್ಮ. ಅವಳಿಗೆ ಗಂಡ, ಹಸು, ಹೊಲ ಇಷ್ಟೇ ಪ್ರಪಂಚ. ಮೈದುನ ತೋರಿಸಿದ ಕಡೆ ಹೆಬ್ಬೆಟ್ಟು ಒತ್ತುವ ಹೆಂಗಸು. ಹಾಗಂತ ಅವನ ಲೆಕ್ಕ.

ದಾರಿ ತೋರಿಸಿದವರು ಡಾಕ್ಟರು. ಮೂರು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದ ಅಣ್ಣನನ್ನು ಬಾಲರಾಜುವೇ ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದ. ಹೃದಯದ ರಕ್ತನಾಳ ಕಟ್ಟಿಕೊಂಡಿದೆ, ಆಪರೇಷನ್ ಆಗಬೇಕು, ಆದರೆ ಈ ಮೈ ಹೊತ್ತುಕೊಂಡು ಬಂದರೆ ಮೇಜಿನ ಮೇಲೇ ಹೋಗಿಬಿಡುತ್ತೀರಿ ಎಂದರು ಡಾಕ್ಟರು. ಮೊದಲು ತೂಕ ಇಳಿಯಬೇಕು. ಇಳಿಯದಿದ್ದರೆ ಹೆಚ್ಚು ದಿನ ಇಲ್ಲ. ಪುಟ್ಟಸ್ವಾಮಿ ಆನೆಯಂಥ ಆಳು. ಒಂದು ಮುದ್ದೆ ಮುಗಿಯುವಷ್ಟರಲ್ಲಿ ಇನ್ನೊಂದಕ್ಕೆ ಕೈ ಚಾಚುವವನು. ಅವತ್ತು ಬಸ್ ಸ್ಟ್ಯಾಂಡಿನಲ್ಲಿ ಕಡಲೆಕಾಯಿಯನ್ನೂ ಮುಟ್ಟಲಿಲ್ಲ. "ಬದುಕ್ಬೇಕು ಕಣ್ಲಾ ಬಾಲ್ರಾಜ, ಕೆಂಚಿಗೆ ನನ್ ಬುಟ್ರೆ ಯಾರವ್ರೆ" ಎಂದು ಅವನ ಕೈ ಹಿಡಿದುಕೊಂಡ.

ಚಪಾತಿ, ತರಕಾರಿ ಸೂಪು, ಬೇಯಿಸಿದ ಪಲ್ಯ, ನೀರುಮಜ್ಜಿಗೆ. ಡಾಕ್ಟರು ಹೇಳಿದ ಪಥ್ಯ ಕೇಳಿ ಕೆಂಚಮ್ಮ ಕಂಗಾಲಾದಳು.

"ಮುದ್ದೆ, ಉಪ್ಸಾರು ಬುಟ್ರೆ ನಂಗೇನಪ್ಪ ಬತ್ತದೆ? ಸೂಪು ಅಂದ್ರೆ ಏನು ಅಂತ್ಲೂ ಕಂಡಿಲ್ಲ."

"ನಾನಿಲ್ವಾ ಅತ್ಗೆ? ಎರಡೊತ್ತೂ ಹೋಟ್ಲಿಂದ ನಾನೇ ತಂದ್ಕೊಡ್ತೀನಿ. ಅಡ್ಗೆಯೋರ ಕೈಗೂ ಬುಡಕಿಲ್ಲ, ಅಣ್ಣನ್ ಅಡ್ಗೆ ನಾನೇ ಮಾಡ್ತೀನಿ. ಒಂದ್ ತೊಟ್ಟು ಎಣ್ಣೆ ಮುಟ್ಸಕಿಲ್ಲ."

ಕೆಂಚಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಹೊಟ್ಟೇಲ್ ಹುಟ್ಟಿದ್ ಮಗ ಇದ್ದಿದ್ರೂ ಇಂಗೆ ನೋಡ್ಕತಿರ್ಲಿಲ್ಲ" ಎಂದಳು. ನಿಜ ಹೇಳಬೇಕೆಂದರೆ ಅವಳ ಮುದ್ದೆ ಉಪ್ಸಾರೇ, ಒಂದು ಮುದ್ದೆ ಕಮ್ಮಿ ಮಾಡಿ ಇಕ್ಕಿದ್ದರೆ, ಅಣ್ಣನನ್ನು ಉಳಿಸುತ್ತಿತ್ತು. ಬಾಲರಾಜುವಿಗೆ ಅದು ಗೊತ್ತಿತ್ತು. ಅವನೇಕೆ ಹೇಳುತ್ತಾನೆ?

ಹೋಟೆಲಿನವನಿಗೆ ಗೊತ್ತಿರುವುದು ತಿನ್ನಲು ಬಂದವನಿಗೆ ಗೊತ್ತಿರುವುದಿಲ್ಲ. ಬೆಂಗಳೂರಿನಿಂದ ಕಾರಿನಲ್ಲಿ ಬರುವವರು ಹೊಟ್ಟೆ ಸವರಿಕೊಳ್ಳುತ್ತ, "ಡಯಟ್ ಮಾಡ್ತಿದೀನಿ, ಎಣ್ಣೆ ಕಮ್ಮಿ ಹಾಕಿ" ಎನ್ನುತ್ತಾರೆ. ಸಪ್ಲೈಯರು "ಆಯ್ತು ಸಾರ್" ಎನ್ನುತ್ತಾನೆ. ಒಳಗೆ ಸೌಟು ಬದಲಾಗುವುದಿಲ್ಲ. ಚಪಾತಿ ಸಂಜೆಯ ತನಕ ಮೆತ್ತಗಿರುವುದು ಹಿಟ್ಟಿಗೆ ಕಲಸಿದ ಡಾಲ್ಡಾದಿಂದ. ಸೂಪು ನಾಲಿಗೆಗೆ ನುಣ್ಣಗೆ ಹತ್ತುವುದು ಬೆಣ್ಣೆಯಿಂದ. ಬೇಯಿಸಿದ ಕ್ಯಾರೆಟ್ಟಿಗೆ ಆ ಸಿಹಿ ಹೊಲದಿಂದ ಬಂದದ್ದಲ್ಲ. ಬೆಳ್ಳಗಿನ ಕೂಟು ನೋಡಿ ಖಾರವಿಲ್ಲ, ಸಾತ್ವಿಕ ಊಟ ಎಂದು ಎರಡು ಸಲ ಹಾಕಿಸಿಕೊಳ್ಳುತ್ತಾರೆ; ಅದರಲ್ಲಿರುವುದೆಲ್ಲ ಗೋಡಂಬಿ, ಕಾಯಿ. ತಿಂದು ತೇಗಿ, ಇವತ್ತು ಹಗುರವಾಗಿ ಊಟ ಮಾಡಿದೆ ಎಂದು ಹೆಂಡತಿಗೆ ಫೋನಿನಲ್ಲಿ ಹೇಳುತ್ತ ಕಾರು ಹತ್ತುತ್ತಾರೆ. ಬಾಲರಾಜು ಮಾಡಬೇಕಾದದ್ದು ಹೊಸದೇನಲ್ಲ. ಎಲ್ಲರಿಗೂ ಚಮಚದಲ್ಲಿ ಹಾಕುವುದನ್ನು ಅಣ್ಣನಿಗೆ ಸೌಟಿನಲ್ಲಿ ಹಾಕಬೇಕು, ಅಷ್ಟೇ.

ವಿಷ ಹಾಕುವವರು ಪೆದ್ದರು. ಹೆಣ ಕೊಯ್ದರೆ ವಿಷ ಸಿಗುತ್ತದೆ. ಹೃದಯದ ಕಾಯಿಲೆಯವನು ಹೃದಯ ನಿಂತು ಸತ್ತರೆ ಯಾರು ಕೊಯ್ಯುತ್ತಾರೆ? ಕೊಯ್ದರೂ ಸಿಗುವುದು ಕೊಬ್ಬು. ಊಟದಲ್ಲಿ ಜಿಡ್ಡಿತ್ತು ಎಂದು ಯಾವ ಹೋಟೆಲಿನವನನ್ನು ಯಾವ ಸೆಕ್ಷನ್ನಿನಲ್ಲಿ ಒಳಗೆ ಹಾಕಿದ್ದಾರೆ? ಬಾಲರಾಜುವಿಗೆ ತನ್ನ ಬುದ್ಧಿಯ ಮೇಲೆ ತನಗೇ ಪ್ರೀತಿ ಉಕ್ಕಿತು.

ಆದರೂ ಅವನು ಉಡಾಫೆ ಮಾಡಲಿಲ್ಲ. ಅಡುಗೆ ಭಟ್ಟ ಕೃಷ್ಣಪ್ಪನನ್ನು ತರಕಾರಿಗೆ ಕಳಿಸಿ ಆ ಹೊತ್ತಿನಲ್ಲೇ ಅಣ್ಣನ ಅಡುಗೆ ಮಾಡುತ್ತಿದ್ದ. ಜಿಡ್ಡು ತೇಲಿದರೆ ಕಣ್ಣಿಗೆ ಬೀಳುತ್ತದೆಂದು ಡಾಲ್ಡಾವನ್ನು ಕುದಿಯುವ ಸೂಪಿನ ಜೊತೆ ಮಿಕ್ಸಿಗೆ ಹಾಕಿ ತಿರುವುತ್ತಿದ್ದ. ಹಾಲಿನ ಹಾಗೆ ಬೆರೆತುಹೋಗುತ್ತಿತ್ತು. ವಾಸನೆಗೆ ಮೆಣಸು, ಜೀರಿಗೆ. ಬೆರಳಿಗೆ ಅಂಟಬಾರದೆಂದು ಅರ್ಧ ನಿಂಬೆಹಣ್ಣು ಇಟ್ಟು, "ಊಟ ಆದ್ಮೇಲೆ ಕೈಗೆ ತಿಕ್ಕೊ ಅಣ್ಣ, ಒಳ್ಳೇದು" ಎನ್ನುತ್ತಿದ್ದ. ಕ್ಯಾರಿಯರನ್ನು ಟವೆಲಿನಲ್ಲಿ ಸುತ್ತಿ, ಹಬೆಯಾಡುವಾಗಲೇ ಬೈಕಿನಲ್ಲಿ ತಂದು, ಎದುರಿಗೆ ಕೂತು ತಿನ್ನಿಸಿ, ಎಂಜಲು ಕ್ಯಾರಿಯರನ್ನು ತಾನೇ ಎತ್ತಿಕೊಂಡು ಹೋಗುತ್ತಿದ್ದ. "ತೊಳ್ಯೋದ್ ಬ್ಯಾಡ ಅತ್ಗೆ, ಹೋಟ್ಲಲ್ಲಿ ಬಿಸ್ನೀರು ಸದಾ ಕಾದಿರ್ತದೆ." ಊರಿನಲ್ಲಿ ಅವನ ಹೆಸರು ಎಷ್ಟು ಚೆನ್ನಾಯಿತೆಂದರೆ, ಅಣ್ಣತಮ್ಮ ಅಂದರೆ ಹಿಂಗಿರಬೇಕು ಎಂದು ಹಿರಿಯ ದಾಯಾದಿ ಮುನಿಶಾಮಯ್ಯ ಅರಳಿಕಟ್ಟೆಯ ಮೇಲೆ ಕೂತು ಹೇಳುತ್ತಿದ್ದ.

ಎರಡು ತಿಂಗಳು ಕಳೆದು ಮತ್ತೆ ಆಸ್ಪತ್ರೆಗೆ ಹೋದಾಗ ಪುಟ್ಟಸ್ವಾಮಿಯ ತೂಕ ಇಳಿದಿರಲಿಲ್ಲ, ಏರಿತ್ತು. ಡಾಕ್ಟರು ಪೆನ್ನು ಮೇಜಿನ ಮೇಲೆ ಕುಕ್ಕಿದರು.

"ಏನ್ರೀ, ಕದ್ದು ತಿಂತೀರಾ?"

"ಮನೆದೇವ್ರಾಣೆ ಇಲ್ಲ ಸಾ. ನಮ್ ತಮ್ಮ ತಂದ್ಕೊಡೋ ಪಥ್ಯ ಬುಟ್ರೆ ಬೇರೆ ಒಂದ್ ಕಾಳು ಮುಟ್ಟಿಲ್ಲ."

"ಗಾಳಿ ಕುಡಿದು ಯಾರಾದ್ರೂ ದಪ್ಪ ಆಗ್ತಾರೇನ್ರೀ? ನನ್ನ ಹತ್ರ ಸುಳ್ಳು ಹೇಳಿ ನಿಮಗೇನು ಲಾಭ?"

ಮನೆಗೆ ಬಂದ ಮೇಲೆ ಕೆಂಚಮ್ಮ ಗಂಡನನ್ನು ಹಿಡಿದು ಜಾಡಿಸಿದಳು. "ಸಂತೇಲಿ ಬೋಂಡ ತಿಂತೀಯಾ? ಸಾಯಕ್ಕೇ ನಿಂತಿದ್ದೀಯಾ ನೀನು? ನನ್ ತಾಳಿ ಮೇಲೆ ಒಸಿನಾರೂ ಕರುಣೆ ಬ್ಯಾಡ್ವಾ?" ಆ ಆನೆಯಂಥ ಮನುಷ್ಯ ಜಗಲಿಯ ಮೇಲೆ ಕೂತು ಮಗುವಿನ ಹಾಗೆ ಅತ್ತ. "ತಿಂದಿಲ್ಲ ಕಣೆ ಕೆಂಚಿ. ಹಸ್ಕೊಂಡು ಮನೀಕತೀನಿ, ಆದ್ರೂ ತಿಂದಿಲ್ಲ. ಲೋಕ ನಂಬ್ದೆ ಹೋಗ್ಲಿ, ನೀನೂ ನಂಬಕಿಲ್ವಾ?" ಅವಳು ಮುಖ ತಿರುಗಿಸಿಕೊಂಡಳು. ಬಾಲರಾಜುವಿನ ಕರುಳು ಒಂದು ಗಳಿಗೆ ಚುರುಕ್ ಎಂದಿತು. ಎಷ್ಟಾದರೂ ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆ ತೋರಿಸಿದ ಅಣ್ಣ. ಅಷ್ಟರಲ್ಲಿ ಕೆಂಚಮ್ಮ ಹೇಳಿದ ಮಾತಿಗೆ ಆ ಕರುಣೆ ಹಾರಿಹೋಯಿತು.

"ನಾಳಿಂದ ಈ ಸೂಪು ಗೀಪು ಬ್ಯಾಡ. ಮುದ್ದೆ ನಾನೇ ಇಕ್ತೀನಿ, ಎದುರ್ಗೇ ಕೂತ್ಕೊಂಡು."

ಬಾಲರಾಜು ದನಿ ಎತ್ತರಿಸಲಿಲ್ಲ. "ನಿಮ್ಮಿಷ್ಟ ಅತ್ಗೆ. ಆದ್ರೆ ಡಾಕ್ಟ್ರು ಹೇಳಿದ್ ಬುಟ್ಟು ಬೇರೆ ಇಕ್ಕಿ, ನಾಳೆ ಅಣ್ಣಂಗೆ ಒಂದೋಗಿ ಒಂದಾದ್ರೆ? ಕೆಂಚಮ್ಮನೇ ಕೊಂದ್ಲು ಅಂತಾರೆ ಜನ. ಆ ಮಾತು ಕೇಳಕ್ಕೆ ನನ್ ಕೈಲಂತೂ ಆಗಕಿಲ್ಲ." ಅವಳು ಬಿಳಿಚಿಕೊಂಡಳು. "ನೀನೇ ತಂದ್ಬುಡಪ್ಪ" ಎಂದಳು. ಮಾರನೆಯ ದಿನದಿಂದ ಅವನು ಸೂಪಿಗೆ ಹಾಕುವ ಡಾಲ್ಡಾವನ್ನು ಎರಡರಷ್ಟು ಮಾಡಿದ.

ಚಳಿ ಬಿದ್ದಿತು. ಪುಟ್ಟಸ್ವಾಮಿ ಬಾಗಿ ಚಪ್ಪಲಿ ಹಾಕಿಕೊಳ್ಳುವುದಕ್ಕೂ ಆಗದವನಾದ. ಕಾರ್ಖಾನೆಯ ಸಾಹೇಬರಿಗೆ ಬಾಲರಾಜು ಫೋನು ಮಾಡಿ, "ಯುಗಾದಿ ತನಕ ಬೇರೆ ಜಾಗ ನೋಡ್ಬೇಡಿ ಸಾರ್" ಎಂದ.

ಪುಷ್ಯ ಮಾಸದ ಒಂದು ಮಧ್ಯಾಹ್ನ ಅವನು ಕ್ಯಾರಿಯರು ತಂದಿಟ್ಟು, ಅಣ್ಣ ಕೈ ತೊಳೆದು ಕೂರುವಷ್ಟರಲ್ಲಿ ಕೂಟಗಲ್ಲಿನಿಂದ ಸುದ್ದಿ ಬಂತು. ಇಬ್ಬರಿಗೂ ಚಿಕ್ಕಮ್ಮನಾಗಬೇಕಾದ ದೊಡ್ಡಲಕ್ಷ್ಮಮ್ಮ ತೀರಿಕೊಂಡಿದ್ದಳು. ಪುಟ್ಟಸ್ವಾಮಿ ಹಸಿದಿದ್ದ. ತೆರೆಯದ ಕ್ಯಾರಿಯರಿನ ಕಡೆ ಒಮ್ಮೆ, ತಮ್ಮನ ಕಡೆ ಒಮ್ಮೆ ನೋಡಿದ. ಬಾಲರಾಜು ಎಂಥವನೇ ಇರಲಿ, ಹುಟ್ಟಿದ ಕುಲದ ನೇಮ ಅವನ ರಕ್ತದಲ್ಲಿತ್ತು. ದಾಯಾದಿಗಳಲ್ಲಿ ಸಾವಾದರೆ ಹೆಣ ಮಣ್ಣಾಗುವ ತನಕ ಯಾರ ಮನೆಯಲ್ಲೂ ಒಲೆ ಹಚ್ಚುವುದಿಲ್ಲ, ಯಾರೂ ತುತ್ತು ಎತ್ತುವುದಿಲ್ಲ. "ಬ್ಯಾಡ ಅಣ್ಣ, ಮೇಲೇಳು. ಮಣ್ಣಾಗೋ ಗಂಟ ಮುಟ್ಟಂಗಿಲ್ಲ" ಎಂದು ಅವನೇ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಒಂದು ಹೊತ್ತು ತಪ್ಪಿದರೆ ಮುಳುಗಿಹೋಗುವುದೇನಿತ್ತು? ತಾನೇ ಟೆಂಪೋ ಮಾಡಿಕೊಂಡು ಬಂದು ಎಲ್ಲರನ್ನೂ ಹತ್ತಿಸಿದ.

ಸತ್ತವಳ ಮಗಳು ಉಯ್ಯಂಬಳ್ಳಿಯಿಂದ ಬರಬೇಕಾಗಿತ್ತು. ಕತ್ತಲಾದ ಮೇಲೆ ಹೂಳುವುದಿಲ್ಲ. ಹಾಗಾಗಿ ಮಣ್ಣು ಮಾರನೆಯ ಬೆಳಿಗ್ಗೆಗೆ ಹೋಯಿತು. ಎಲ್ಲರೂ ಉಪವಾಸವಿದ್ದರು, ಬಾಲರಾಜು ಕೂಡ. ಬೆಳಿಗ್ಗೆ ಚಟ್ಟಕ್ಕೆ ಹೆಗಲು ಕೊಟ್ಟ ಪುಟ್ಟಸ್ವಾಮಿ ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಎದೆ ಹಿಡಿದುಕೊಂಡು ಕುಕ್ಕರುಗಾಲಿನಲ್ಲಿ ಕೂತುಬಿಟ್ಟ. ಬಾಲರಾಜು ಓಡಿಹೋಗಿ ಬೆನ್ನು ನೀವಿದ. ಅಂಗೈಯ ಕೆಳಗೆ ಆ ಉಸಿರು ಸಿಕ್ಕಿಹಾಕಿಕೊಂಡು ಎಳೆದಾಡುತ್ತಿತ್ತು. ಯುಗಾದಿಯ ತನಕವೂ ಬೇಕಾಗುವುದಿಲ್ಲ ಎಂದುಕೊಂಡ. ಮುಖದಲ್ಲಿ ಮಾತ್ರ ಅಳುವನ್ನೇ ಇಟ್ಟುಕೊಂಡಿದ್ದ.

ಮಣ್ಣು ಮುಗಿಸಿ ಟೆಂಪೋ ಊರಿಗೆ ಬಂದಾಗ ಬಿಸಿಲು ಇನ್ನೂ ಏರಿರಲಿಲ್ಲ. ಒಳಗೆ ಕಾಲಿಡುವ ಮೊದಲು ತಲೆಯ ಮೇಲೆ ನೀರು ಹಾಕಿಕೊಳ್ಳಬೇಕಲ್ಲ, ಮುನಿಶಾಮಯ್ಯ ಮತ್ತು ಅವನ ಜೊತೆ ಬಂದವರೆಲ್ಲ ಪುಟ್ಟಸ್ವಾಮಿಯ ಹಿತ್ತಲಿನ ತೊಟ್ಟಿಯ ಸುತ್ತ ಸೇರಿದ್ದರು. ಮೊದಲು ಮಿಂದ ಕೆಂಚಮ್ಮ ಒಳಗೆ ಹೋಗಿ ನಿನ್ನೆಯ ಕ್ಯಾರಿಯರನ್ನು ಎತ್ತಿಕೊಂಡು ಬಂದಳು. ಹಳಸಿದ್ದನ್ನು ಹಸುವಿನ ಕಲಗಚ್ಚಿಗೆ ಸುರಿಯೋಣವೆಂದು ಸೂಪಿನ ಡಬ್ಬಿಯ ಮುಚ್ಚಳ ತೆಗೆದು ಬೋರಲು ಹಿಡಿದಳು. ಏನೂ ಬೀಳಲಿಲ್ಲ. ಕಲ್ಲಿಗೆ ಕುಟ್ಟಿದಳು. ಡಬ್ಬಿಯ ಬಾಯಗಲದ ಬೆಳ್ಳಗಿನ ಬಿಲ್ಲೆಯೊಂದು ಕಳಚಿ ಚಪ್ಪಡಿಯ ಮೇಲೆ ಬಿತ್ತು, ಅದರ ಹಿಂದೆ ಒಂದಿಷ್ಟು ಸೂಪು ಸುರಿಯಿತು. ಅವಳು ಕೂತು, ಬಿಲ್ಲೆಯನ್ನು ಉಗುರಿನಿಂದ ಕೆರೆದು ಮೂಸಿದಳು.

"ಡಾಲ್ಡ" ಎಂದಳು.

ಪುಟ್ಟಸ್ವಾಮಿ ಒದ್ದೆ ಪಂಚೆಯಲ್ಲೇ ಬಂದು ನಿಂತು ನೋಡಿದ. ತಮ್ಮನ ಕಡೆ ತಿರುಗಲಿಲ್ಲ. ಹೆಂಡತಿಯ ಭುಜ ಹಿಡಿದುಕೊಂಡು, "ನೋಡ್ದಾ ಕೆಂಚಿ, ನಾನ್ ಕದ್ದು ತಿಂದಿಲ್ಲ ಕಣೆ, ತಿಂದಿಲ್ಲ" ಎಂದು ಗೊಳೋ ಎಂದು ಅತ್ತ. ತೊಟ್ಟಿಯ ಹತ್ತಿರ ಚೊಂಬುಗಳ ಸದ್ದು ನಿಂತಿತು. "ಯಾರಮ್ಮ ಮಾಡಿದ್ದು ಈ ಅಡ್ಗೆಯ?" ಎಂದು ಮುನಿಶಾಮಯ್ಯ ಕೇಳಿದ. ಕೆಂಚಮ್ಮ ಉತ್ತರ ಹೇಳಬೇಕಾಗಿರಲಿಲ್ಲ. ಎರಡೊತ್ತೂ ನಾನೇ ಬೇಯಿಸುತ್ತೇನೆ, ಇನ್ನೊಬ್ಬರ ಕೈಗೆ ಬಿಡುವುದಿಲ್ಲ ಎಂದು ಇಡೀ ಊರಿಗೆ ಸಾರಿದವನು ಮುಖದ ತುಂಬ ಸೋಪು ಹಚ್ಚಿಕೊಂಡು ಅಲ್ಲೇ ನಿಂತಿದ್ದ. ರುಚಿ, ವಾಸನೆ, ಬೆರಳಿನ ಜಿಡ್ಡು, ಎಂಜಲು ಕ್ಯಾರಿಯರು, ಡಾಕ್ಟರು, ಪೊಲೀಸು, ಎಲ್ಲವನ್ನೂ ಯೋಚಿಸಿದ್ದ ಬಾಲರಾಜು ಇಷ್ಟು ದಿನವೂ ಆ ಊಟವನ್ನು ಹಬೆಯಾಡುವಾಗಲೇ ತಿನ್ನಿಸಿದ್ದ. ಚಳಿಯಲ್ಲಿ ಒಂದು ರಾತ್ರಿ ಇಟ್ಟರೆ ಡಾಲ್ಡಾ ಮೇಲೆ ಬಂದು ಹೆಪ್ಪುಗಟ್ಟುತ್ತದೆ ಎಂಬುದನ್ನು, ದಿನಾ ಬೆಳಿಗ್ಗೆ ಡಬ್ಬಕ್ಕೆ ಸೌಟು ಚುಚ್ಚಿ ಅದನ್ನು ಕೆರೆದು ತೆಗೆಯುವ ಆ ಹೋಟೆಲಿನವನು ಒಂದು ಸಲವೂ ನೆನೆದಿರಲಿಲ್ಲ.