ಸೊರಗಿದ ಷವರ್

ಬಂಗಾರದ ಅವಲಕ್ಕಿ ಸರ ಕಿರಿಮಗಳು ಇಂಪನಾಗೆ ಎಂದು ಅತ್ತೆ ಹುಲಿಗೆಮ್ಮ ಊಟದ ಹೊತ್ತಿಗೆ ಹೇಳಿದಾಗ ಹಾಲೇಶ್ ತಟ್ಟೆಯಿಂದ ತಲೆ ಎತ್ತಲಿಲ್ಲ. ನವುಲೆಯ ಆ ಮನೆಗೆ ಅವನು ಮನೆ ಅಳಿಯನಾಗಿ ಬಂದು ವರ್ಷಗಳೇ ಕಳೆದಿದ್ದವು. ಅತ್ತೆಯ ಕಣ್ಣಿನ ಆಪರೇಷನ್ನಿಗೆ ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿದವನು ಅವನು. ಗ್ಯಾಸ್ ಸಿಲಿಂಡರ್ ಹೊತ್ತು ತರುವವನೂ ಅವನೇ. ಸರ ಮಾತ್ರ ಭದ್ರಾವತಿಗೆ, ಹಬ್ಬಕ್ಕೆ ಬಂದು ಹೋಳಿಗೆ ತಿಂದು ಹೋಗುವ ಕಿರಿಮಗಳ ಸೀಮಂತಕ್ಕೆ.

"ಸಮತಾಗೆ ನೀವಿದ್ದೀರಲ್ಲ, ಅಳಿಯಂದ್ರೇ," ಎಂದರು ಅತ್ತೆ, ಅನ್ನ ಬಡಿಸುತ್ತ.

ಮದುವೆಯಾದ ಮೇಲೆ ಹೆಂಡತಿ ಸಮತಾಗೆ ಹಾಲೇಶ್ ಒಂದು ಮೂಗುಬೊಟ್ಟನ್ನೂ ಮಾಡಿಸಿರಲಿಲ್ಲ. ಅದು ಅತ್ತೆಗೆ ಗೊತ್ತಿದೆಯೆಂಬುದು ಅವನಿಗೂ ಗೊತ್ತಿತ್ತು.

ಹಳೆಯ ಗೀಸರ್ ಸೋರತೊಡಗಿದ ದಿನವೇ ಉಪಾಯ ಹೊಳೆಯಿತು. ಗೀಸರ್ ಬದಲಿಸಬೇಕೆಂದರೆ ಪ್ಲಂಬರ್ ಬರಬೇಕು. ಪ್ಲಂಬರ್ ಬಂದರೆ ದಿನವಿಡೀ ಬಾಗಿಲು ತೆರೆದಿರುತ್ತದೆ. ಮನೆಯ ವಸ್ತು ಕಾಣೆಯಾದರೆ ಎಲ್ಲರ ಕಣ್ಣು ಹೊರಗಿನವನ ಮೇಲೆ ಹೋಗುತ್ತದೆಯೇ ಹೊರತು ಒಳಗಿನವನ ಮೇಲಲ್ಲ. ಅದಕ್ಕೆಂದೇ ಅವನು ಬೀದಿಗೆಲ್ಲ ಪರಿಚಯವಿದ್ದ ಪ್ಲಂಬರನ್ನು ಬಿಟ್ಟು, ಎಸ್‌ಟಿಡಿ ಬೂತಿನಿಂದ ಭದ್ರಾವತಿಯ ಉಮೈರ್‌ಗೆ ಫೋನ್ ಮಾಡಿದ. ಉಮೈರ್ ಒಳ್ಳೆಯ ಕೆಲಸಗಾರ, ಮೇಲಾಗಿ ನವುಲೆಯಲ್ಲಿ ಅವನ ಪರವಾಗಿ ಮಾತಾಡುವವರು ಒಬ್ಬರೂ ಇರಲಿಲ್ಲ. ಗದ್ದಲ ತಣ್ಣಗಾದ ಮೇಲೆ ಸರವನ್ನು ದೂರದ ಅಕ್ಕಸಾಲಿಗನ ಹತ್ತಿರ ಕರಗಿಸಿ, ಸಮತಾಗೆ ಬಳೆ ಮಾಡಿಸುವುದು. ದುಡ್ಡೆಲ್ಲಿಂದ ಎಂದು ಕೇಳಿದರೆ ಚೀಟಿ ಎತ್ತಿದೆ ಎಂದರೆ ಆಯಿತು. ಆ ಬಳೆ ತೊಟ್ಟು ಅವಳು ಅತ್ತೆಯ ಮುಂದೆ ಓಡಾಡುವುದನ್ನು ಅವನು ಎಷ್ಟು ಸಲ ಕಲ್ಪಿಸಿಕೊಂಡನೋ.

ಎಲ್ಲವೂ ಅಂದುಕೊಂಡ ಹಾಗೇ ನಡೆಯಿತು. ಉಮೈರ್ ಬಚ್ಚಲಿನ ಗೋಡೆ ಕೊರೆಯುವ ಸದ್ದಿನಲ್ಲಿ ಅತ್ತೆಯ ಟ್ರಂಕಿನ ಮುಚ್ಚಳ ಕಿರ್ರೆಂದದ್ದು ಯಾರಿಗೂ ಕೇಳಿಸಲಿಲ್ಲ. ಬಂಗಾರವನ್ನು ಬರಿದೇ ಇಡಬಾರದೆಂದು ಹುಲಿಗೆಮ್ಮ ಅದರ ಮೇಲೆ ಅರಿಶಿನದ ಪುಡಿ ಸುರಿದು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿಡುತ್ತಿದ್ದರು. ಗಂಟು ಬಿಚ್ಚುವ ಗೋಜಿಗೇ ಹೋಗದೆ ಹಾಲೇಶ್ ಅದನ್ನು ಹಾಗೇ ಎತ್ತಿಕೊಂಡ. ಹಾಲಿನ ಪ್ಯಾಕೆಟ್ಟಿನ ಕವರಿನಲ್ಲಿ ಸುತ್ತಿ, ಉಮೈರ್ ಅಂಗಡಿಗೆ ಹೋದ ಸಮಯ ನೋಡಿ ತಾರಸಿಗೆ ಹತ್ತಿ ನೀರಿನ ಟ್ಯಾಂಕಿಗೆ ಇಳಿಬಿಟ್ಟ. ಪೊಲೀಸರು ಅಕ್ಕಿ ಡಬ್ಬ ಸುರಿಯಬಹುದು, ಹಾಸಿಗೆ ಕೊಡವಬಹುದು. ಎಲ್ಲರೂ ಕುಡಿಯುವ, ಮೀಯುವ ನೀರಿಗೆ ಯಾರು ಕೈ ಹಾಕುತ್ತಾರೆ?

ಗೀಸರ್ ಹೊಸತಾಯಿತು, ಷವರ್ ಮಾತ್ರ ಸೊರಗಿತು. ತಣ್ಣೀರು ಭೋರೆಂದು ಬರುತ್ತಿತ್ತು. ಬಿಸಿನೀರು ಮುದುಕರ ಮೂತ್ರದ ಹಾಗೆ ತೊಟ್ಟಿಕ್ಕುತ್ತಿತ್ತು. ಹಾಲೇಶ್ ಷವರಿನ ತೂತುಗಳನ್ನೆಲ್ಲ ಹಳೆಯ ಬ್ರಷ್ಷಿನಿಂದ ತಿಕ್ಕಿದ, ಗೀಸರ್ ಕಂಪನಿಯನ್ನು ಬೈದ. ಶುಕ್ರವಾರ ಪೂಜೆಗೆಂದು ಟ್ರಂಕು ತೆಗೆದ ಹುಲಿಗೆಮ್ಮ ಕುಸಿದು ಕುಳಿತರು. ಅತ್ತರು, ಕಣ್ಣೊರೆಸಿಕೊಂಡರು, ಆಮೇಲೆ ತಣ್ಣನೆಯ ದನಿಯಲ್ಲಿ ಹೇಳಿದರು: "ಷವರ್ ಸರಿಯಿಲ್ಲ ಅಂತ ಆ ಭದ್ರಾವತಿಯವನನ್ನ ಕರೀರಿ. ಸ್ಟೇಷನ್ನಿಗೆ ನಾನು ಹೇಳಿ ಕಳಿಸ್ತೀನಿ."

ಮರುದಿನ ಬೆಳಿಗ್ಗೆ ಉಮೈರ್ ಏನೂ ತಿಳಿಯದೆ ಚೀಲ ಹೆಗಲಿಗೆ ಹಾಕಿಕೊಂಡು ಬಂದ. ವಾಲ್ವ್ ತಿರುಗಿಸಿದ, ಗೀಸರಿನ ಬುಡದ ಪೈಪು ಬಿಚ್ಚಿ ಬೆರಳಿಟ್ಟು ನೋಡಿದ.

"ಗೀಸರ್ ಚೆನ್ನಾಗೈತೆ ಸಾರ್. ಇಲ್ಲಿಗೇ ನೀರು ಬರ್ತಿಲ್ಲ. ಇದಕ್ಕೆ ಟ್ಯಾಂಕ್ ತಳದಿಂದ ಬೇರೆ ಪೈಪ್ ಕೊಟ್ಟಿದೀನಲ್ಲ, ಅದರ ಬಾಯಿಗೆ ಏನೋ ಸಿಕ್ಕಾಕೊಂಡೈತೆ. ಮೇಲೆ ಹತ್ತಿ ನೋಡ್ತೀನಿ."

ಟ್ಯಾಂಕಿನ ತಳಕ್ಕೆ ಎರಡನೆಯ ಬಾಯಿ ಬಂದದ್ದು ಹಾಲೇಶನ ತಲೆಗೇ ಹೋಗಿರಲಿಲ್ಲ.

"ಬೇಡ ಮಾರಾಯ! ಆ ಏಣಿ ಮೆಟ್ಟಿಲು ಮುರಿದಿದೆ. ನಾನೇ ನೋಡ್ತೀನಿ, ನೀನು ಕೆಳಗೆ ಹಿಡ್ಕೊ."

ಬನಿಯನ್, ಲುಂಗಿಯಲ್ಲೇ ಹತ್ತಿದ. ಮುಚ್ಚಳ ಸರಿಸಿ ತೋಳು ಮುಳುಗಿಸಿ ತಡಕಾಡಿದ. ಗಂಟು ಪೈಪಿನ ಬಾಯಿಗೆ ಬಿಗಿಯಾಗಿ ಕಚ್ಚಿಕೊಂಡಿತ್ತು. ಎಳೆದಾಗ ಕವರು ಪರ್ರೆಂದು ಹರಿಯಿತು. ಈಚೆಗೆ ತೆಗೆಯೋಣವೆಂದರೆ ಮೈಮೇಲೆ ಜೇಬಿಲ್ಲ, ಕೆಳಗೆ ಉಮೈರ್ ಮುಖ ಮೇಲೆತ್ತಿ ನಿಂತಿದ್ದ. ಗಂಟನ್ನು ಆಚೆ ಮೂಲೆಗೆ ತಳ್ಳಿದ. ನೀರು ಸ್ವಲ್ಪ ಹಳದಿಯಾಗಿ ಕದಡಿತು. ಮಳೆಗಾಲ, ಹೊಳೆಗೆ ಹೊಸ ನೀರು ಬಂದಿದೆ, ಕೇಳಿದರೆ ಹೇಳಲು ಅದೊಂದು ಸಾಕು.

"ಎಲೆ ಕಸ ಸೇರ್ಕೊಂಡಿತ್ತು. ತೆಗೆದೆ," ಎಂದ ಇಳಿಯುತ್ತ. ಅಷ್ಟರಲ್ಲಿ ಬಚ್ಚಲಿನಿಂದ ಷವರಿನ ಸದ್ದು ಭೋರೆಂದು ಕೇಳಿಸಿತು. ಹುಲಿಗೆಮ್ಮ ಕೂಡ ಬಾಗಿಲಿಗೆ ಬಂದು, "ಅಂತೂ ನಮ್ಮ ಅಳಿಯಂದ್ರೇ ಸರಿಮಾಡಿದ್ರು," ಎಂದರು. ಇಷ್ಟು ವರ್ಷದಲ್ಲಿ ಅವರ ಬಾಯಿಂದ ಬಂದ ಮೊದಲ ಹೊಗಳಿಕೆ ಅದು. ಪೊಲೀಸರು ಬಂದು ಉಮೈರ್‌ನನ್ನು ಕರೆದೊಯ್ದರೆ ಅತ್ತೆಯೂ ಸಮತಾಳೂ ಸ್ಟೇಷನ್ನಿಗೆ ಹೋಗುತ್ತಾರೆ, ಸಂಜೆ ಮನೆ ಖಾಲಿ, ಗಂಟನ್ನು ಸಾಗಿಸಬಹುದು.

ಬಚ್ಚಲಿನಲ್ಲಿ ಸಮತಾ ಆ ಬಿಸಿನೀರನ್ನೇ ಬಕೆಟ್ಟಿಗೆ ಹಿಡಿದು ಅವನ ಬಿಳಿ ಪಂಚೆ ನೆನೆಸಿದ್ದಳು. "ನೀರು ಹಳದಿ ಐತಲ್ರೀ," ಎಂದಳು. "ತುಂಗೆಗೆ ಹೊಸ ನೀರು ಮಾರಾಯ್ತಿ," ಎಂದ, ಸಿದ್ಧವಾಗಿದ್ದ ಉತ್ತರವನ್ನು ಆರಾಮವಾಗಿ. ಅವಳು ಹೌದೆಂಬಂತೆ ತಲೆಯಾಡಿಸಿ ಪಂಚೆಯನ್ನು ಕಲ್ಲಿನ ಮೇಲೆ ಹಾಸಿ ಬಾರ್ ಸೋಪು ಉಜ್ಜಿದಳು. ಸೋಪು ಹೋದಲ್ಲೆಲ್ಲ ಬಟ್ಟೆ ಕೆಂಪಗಾಯಿತು. ಹಾಲೇಶ್ ಬೆಚ್ಚಿ ಹಿಂದೆ ಸರಿದ. ಹುಟ್ಟಿದಾಗಿನಿಂದ ಅಮ್ಮನೋ ಹೆಂಡತಿಯೋ ಒಗೆದ ಬಟ್ಟೆಯನ್ನೇ ತೊಟ್ಟ ಅವನಿಗೆ ಇದೇನೆಂದು ಅರ್ಥವಾಗಲಿಲ್ಲ. ಸಮತಾಗೆ ಅರ್ಥವಾಯಿತು. ಹಬ್ಬ ಹಬ್ಬಕ್ಕೂ ಸೀರೆ ಸೆರಗಿನ ಅರಿಶಿನದ ಕಲೆ ಒಗೆದವಳು ಅವಳು. ಸೋಪು ಬಿದ್ದರೆ ಅರಿಶಿನ ಕೆಂಪಾಗುತ್ತದೆ, ಹೊಳೆಯ ಮಣ್ಣು ಆಗುವುದಿಲ್ಲ. ಅವಳು ಪಂಚೆ ಬಿಟ್ಟು ಎದ್ದಳು. ಗಂಡನ ಒದ್ದೆ ತೋಳನ್ನು, ಬನಿಯನ್ನಿಗೆ ಹತ್ತಿದ ಹಳದಿಯನ್ನು ಒಂದು ಕ್ಷಣ ನೋಡಿದಳು. ಆಮೇಲೆ ಅಂಗಳದತ್ತ ತಿರುಗಿ, ಅಳು ತುಂಬಿದ ದನಿಯಲ್ಲಿ ಕೂಗಿದಳು: "ಉಮೈರಣ್ಣಾ, ಹೋಗಬೇಡಿ. ಒಂದ್ಸಲ ನೀವೇ ಹತ್ತಿ ಟ್ಯಾಂಕ್ ನೋಡಿ."