ಆಶಾರಾಣಿಯ ಬ್ಯಾಗು

ಯಲಹಂಕದ ಪರದೆ ಅಂಗಡಿಯ ಯಶವಂತ್ ನಕ್ಕರೆ ಹೆಬ್ಬಾಳ ಫ್ಲೈಓವರಿನ ಟ್ರಾಫಿಕ್ಕೂ ದಾರಿ ಬಿಡುತ್ತಿತ್ತು. ಅವನು ಟೇಪು ಬಿಚ್ಚಿದರೆ ಕಿಟಕಿಗಳು ತಾವೇ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದವು. ಅಂಥವನು ಅಟ್ಟೂರಿನ ಒಂದು ಮಹಡಿ ಮನೆಯಲ್ಲಿ, ಹಾಡುಹಗಲೇ, ಒಂಬತ್ತು ವರ್ಷದ ಹುಡುಗಿಯ ಮುಂದೆ ಬೆವೆತುಹೋದ.

ಕೋಣೆಯಿಂದ ಕೋಣೆಗೆ ಹೋಗಿ, ಗೋಡೆ ನೋಡಿ, ಅಳತೆಯನ್ನು ಮೊಬೈಲಿನಲ್ಲಿ ಬರೆದುಕೊಳ್ಳುತ್ತಿದ್ದ. ತಿರುಗಿದರೆ ಬಾಗಿಲಲ್ಲಿ ಹುಡುಗಿ. ಕಾಲಿಗೆ ಶೂ, ಬೆನ್ನಿಗೆ ಬ್ಯಾಗು, ಕೈಯಲ್ಲಿ ಪುಟ್ಟ ತಮ್ಮನ ಕೈ.

“ನಾವು ರೆಡಿ ಸಾರ್. ಗಿರಿಗೆ ಸ್ವೆಟರ್ ಹಾಕಿದೀನಿ.”

ಯಶವಂತ್ ಆಟ ಎಂದುಕೊಂಡ. “ಸರಿ ಮೇಡಂ, ಗಾಡಿ ಕೆಳಗಿದೆ. ಹೋಗೋಣ್ವಾ?”

ಗಿರಿ ಅಳಲಿಲ್ಲ. ನಿಂತಲ್ಲೇ ಅವನ ಚಡ್ಡಿ ಒದ್ದೆಯಾಯಿತು.

ಅಡುಗೆಮನೆಯಿಂದ ಓಡಿ ಬಂದ ಮನೆಯೊಡತಿ ಇಂದು, ಮಕ್ಕಳಿಬ್ಬರನ್ನೂ ತಬ್ಬಿಕೊಂಡಳು. “ಪರದೆ ಅಂಕಲ್ ಕಣೇ ಆಶಾರಾಣಿ. ಆಫೀಸಿನೋರಲ್ಲ.”

ಆಮೇಲೆ ಮೆಟ್ಟಿಲ ಬಳಿ ನಿಂತು ಮೆಲ್ಲಗೆ ಹೇಳಿದಳು. ಈ ಅಕ್ಕ-ತಮ್ಮ ಇಬ್ಬರೂ ಮನೆಯಿಂದ ಮನೆಗೆ ಬದಲಾಗುತ್ತಾ ಬಂದವರು. ಪ್ರತಿ ಸಲವೂ ಯಾರೋ ಬಂದು ಕೋಣೆ ನೋಡಿ, ಏನೋ ಬರೆದುಕೊಂಡು, ಕರೆದುಕೊಂಡು ಹೋಗಿದ್ದರು. ಇಂದುವಿನ ಮನೆಗೂ ಮೊದಲು ಫಾಸ್ಟರ್ ಕೇರ್ ಎಂದೇ, ಸ್ವಲ್ಪ ಕಾಲದ ಮಟ್ಟಿಗೆ ಬಂದದ್ದು.

“ಈಗ ದತ್ತು ಆರ್ಡರ್ ಬಂದಿದೆ. ಇಬ್ಬರೂ ನನ್ನ ಮಕ್ಕಳು. ಅವರಿಗೆ ಮಾತ್ರ ಇನ್ನೂ ಗೊತ್ತಾಗಿಲ್ಲ.”

ಅವಳ ಕಣ್ಣಂಚಿನ ಕಾಡಿಗೆ ಸ್ವಲ್ಪವೇ ಕದಡಿತ್ತು. ಯಶವಂತನ ಎದೆಬಡಿತಕ್ಕೆ ಯಶವಂತಪುರ ಸ್ಟೇಷನ್ನಿನಲ್ಲಿ ನಾಲ್ಕು ರೈಲಾದರೂ ಹೊತ್ತು ತಪ್ಪಿ ಹೊರಟಿರಬೇಕು.

ಪರದೆ ಹಾಕಲು ಒಂದು ಮಧ್ಯಾಹ್ನ ಸಾಕು. ಅವನು ಇಡೀ ಮಳೆಗಾಲ ಹಾಕಿದ.

“ಇವತ್ತೇನು ಲೂಸಾಯ್ತು?” ಇಂದು ತುಟಿ ಕಚ್ಚಿ ಕೇಳುವಳು.

“ಹುಕ್ಕು.”

“ಹುಕ್ಕಾ, ಹಾಕಿದೋರಾ?”

“ಹಾಕಿದೋನು ಗಟ್ಟಿಯಾಗೇ ಇದ್ದ ಕಣ್ರೀ. ಈ ಮನೆಗೆ ಬಂದ್ಮೇಲೇ ಹಿಂಗಾಗಿದ್ದು.”

ಕಾಫಿ ಲೋಟ ಕೊಡುವಾಗ ಅವಳ ಬೆರಳು ಬಿಡಲು ಒಂದು ಕ್ಷಣ ತಡಮಾಡಿತು. ಆ ಕ್ಷಣ ಮುಗಿಯುವವರೆಗೆ ಏರ್‌ಪೋರ್ಟಿಗೆ ಬರುವ ವಿಮಾನಗಳೆಲ್ಲ ಆಕಾಶದಲ್ಲೇ ಕಾದವು.

ಆದರೆ ಮೆಟ್ಟಿಲ ಮೇಲೆ ಅವನ ಹೆಜ್ಜೆ ಕೇಳಿದರೆ ಒಳಗೆ ಬ್ಯಾಗಿನ ಝಿಪ್ಪಿನ ಸದ್ದು. ಅವನು ಬಂದ ದಿನ ಗಿರಿ ಮಂಚದ ಕೆಳಗೇ ಊಟ ಮಾಡುತ್ತಿದ್ದ; ಆಶಾರಾಣಿ ಶೂ ಬಿಚ್ಚದೆ ಮಲಗುತ್ತಿದ್ದಳು. ಇಂದುವಿನ ಆ ಬೆಳಕಿನ ಮನೆಯೊಳಗೆ ಬೇರೆ ಯಾವುದೋ ಮನೆಗಳು ಸದ್ದಿಲ್ಲದೆ ಓಡಾಡುತ್ತಿದ್ದವು.

ಕೊನೆಗೆ ಇಂದುವೇ ಹೇಳಿದಳು. “ಇನ್ಮೇಲೆ ಬರ್ಬೇಡಿ.”

“ಇಷ್ಟ ಇಲ್ವಾ?”

“ಇದೆ. ಬೆಳಗ್ಗೆಯಿಂದ ನಿಮ್ಮ ದಾರಿ ಕಾಯ್ತೀನಿ. ಆಶಾರಾಣೀನೂ ಕಾಯ್ತಾಳೆ, ಬೇರೆ ಥರ. ನನ್ನ ಖುಷಿಗೆ ಅವಳು ನಿದ್ದೆ ಕೆಡ್ಬಾರ್ದು.”

ಪ್ರಪಂಚದಲ್ಲಿ ಯಾವ ಗಂಡಸೂ ಅಷ್ಟು ನಿಧಾನವಾಗಿ ಮೆಟ್ಟಿಲು ಇಳಿದಿಲ್ಲ. ಕೆಳಗೆ ತಲುಪುವ ಮೊದಲೇ ಹಿಂದಿನಿಂದ ಶೂ ಸದ್ದು. ಆಶಾರಾಣಿ ಬ್ಯಾಗು ಹೊತ್ತು ನಿಂತಿದ್ದಳು, ಅವಳ ಹಿಂದೆ ಇಂದು.

“ಕರ್ಕೊಂಡ್ ಹೋಗೋದು ಯಾವಾಗ ಸಾರ್? ಸುಮ್ನೆ ಬಂದ್ ಬಂದ್ ಹೋಗ್ತೀರ.”

ಯಶವಂತ್ ಅವಳಿಗಿಂತ ತಗ್ಗಿನ ಮೆಟ್ಟಿಲಲ್ಲಿ ಕುಳಿತ. “ನನ್ನನ್ನ ಯಾರೂ ಕಳಿಸಿಲ್ಲ ಕಣಮ್ಮ. ಇಂದು ಅಂದ್ರೆ ನಂಗಿಷ್ಟ, ಅದಕ್ಕೆ ಬರ್ತಿದ್ದೆ. ನೀನು ಬೇಡ ಅಂದ್ರೆ ಬರಲ್ಲ.”

ಜನ್ಮದಲ್ಲಿ ಮೊದಲ ಸಲ ಅವನು ಒಂದು ಮಾತನ್ನೂ ದೊಡ್ಡದು ಮಾಡಲಿಲ್ಲ.

ಹುಡುಗಿಗೆ ನಂಬಿಕೆ ಬರಲಿಲ್ಲ. “ಸುಳ್ಳಾದ್ರೂ ಪರವಾಗಿಲ್ಲ,” ಎಂದು ಝಿಪ್ಪು ಎಳೆದು ತೋರಿಸಿದಳು. ಗಿರಿಯ ಚಡ್ಡಿ, ಅವಳ ಫ್ರಾಕು. ಅದರ ಕೆಳಗೆ ಇಂದುವಿನ ನೈಟಿ, ಇಂದುವಿನ ಬಾಚಣಿಗೆ, ಕಳೆದೇಹೋಯಿತೆಂದು ಇಂದು ಗೊಣಗುತ್ತಿದ್ದ ನೀಲಿ ಸೀರೆ.

“ಯಾರ್ ಬಂದ್ರೂ ಈ ಸಲ ಅಮ್ಮನ್ನ ಬಿಟ್ ಹೋಗಲ್ಲ.”

ಅದುವರೆಗೆ ಅವಳು ಇಂದುವನ್ನು ಕರೆದದ್ದು ಆಂಟಿ ಎಂದೇ.

ಯಶವಂತ್ ಬ್ಯಾಗಿನೊಳಗೆ ಇಣುಕಿದ. “ಅದರಲ್ಲಿ ಇನ್ನೂ ಜಾಗ ಇದ್ಯಾ?”

ಆಶಾರಾಣಿ ಬ್ಯಾಗಿನೊಳಗೆ ಕೈ ಹಾಕಿ ಬಟ್ಟೆಗಳನ್ನು ಒತ್ತಿ ನೋಡಿದಳು. ಆಮೇಲೆ ತಿರುಗಿ ಇಂದುವನ್ನು ನೋಡಿದಳು. ಇಂದು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು, ಇಲ್ಲ ಎನ್ನಲಿಲ್ಲ.

“ಒಂದೇ ಶರ್ಟು,” ಎಂದಳು ಹುಡುಗಿ. “ಚಿಕ್ಕದಾಗಿ ಮಡಚಿ ತನ್ನಿ.”