ಎಪ್ಪತ್ತೊಂದನೆಯ ಕಿಲೋಮೀಟರಿನ ಬಡಿತ

ಮಾಲ್ಡೀವ್ಸಿನ ಉತ್ತರ ತುದಿಯ ದ್ವೀಪದಲ್ಲಿ ಒಂದು ತೆಂಗಿನಕಾಯಿ ಉದುರಿ ಕಡಲಿಗೆ ಬಿತ್ತು. ನೂರಮೂವತ್ತು ಕಿಲೋಮೀಟರ್ ಈಚೆ, ಭಾರತದ ಮಿನಿಕಾಯ್ ದ್ವೀಪದ ಪುಟ್ಟ ಕೋಣೆಯಲ್ಲಿ ಕುಳಿತಿದ್ದ ಡಾ. ಪ್ರಣಮ್ಯಾ ಕರ್ಕೇರ ಅದನ್ನು ಕೇಳಿಸಿಕೊಂಡಳು. "ಬಿದ್ದದ್ದು ಎಳನೀರೋ ಒಣಕಾಯಿಯೋ ಅಂತಲೂ ಹೇಳಬಲ್ಲೆ" ಎಂದು ಆಚೆ ದಡದಿಂದ ಪರದೆಯಲ್ಲಿ ಕಾಣುತ್ತಿದ್ದ ಮಾಲ್ಡೀವ್ಸಿನ ವಿಜ್ಞಾನಿ ಶಿಫಾಳ ಮುಂದೆ ಜಂಬ ಕೊಚ್ಚಿದಳು. ಅದು 2057ರ ಒಂದು ಬೆಳಿಗ್ಗೆ.

ಎರಡು ದೇಶಗಳ ನಡುವೆ ಸಮುದ್ರತಳದಲ್ಲಿ ಮಲಗಿದ್ದ ಆ ಕೇಬಲ್ಲು ಮಾತು, ಚಿತ್ರಗಳನ್ನು ಸಾಗಿಸುವ ಜೊತೆಗೆ ಕಡಲನ್ನು ಆಲಿಸುತ್ತಲೂ ಇತ್ತು. ಕೂದಲಿನಷ್ಟು ಸಪೂರ ಗಾಜಿನೆಳೆಯೊಳಗೆ ಲೇಸರ್ ಬೆಳಕು ಓಡುವಾಗ ಅದರ ಒಂದಂಶ ಚದುರಿ ಹಿಂದಕ್ಕೆ ಬರುತ್ತದೆ. ಎಲ್ಲಾದರೂ ಸದ್ದಾದರೆ ಎಳೆ ತುಸು ನಡುಗಿ, ಆ ಮರಳುವ ಬೆಳಕು ಬದಲಾಗುತ್ತದೆ. ಅದನ್ನು ಓದಿ, ಸದ್ದು ಎಲ್ಲಿಯದು, ಎಂಥದು ಎಂದು ಹೇಳುವ ಯಂತ್ರ ಪ್ರಣಮ್ಯಾಳದು. ಮೀಟರಿಗೊಂದು ಕಿವಿ. ಮಲ್ಪೆಯ ಮೀನುಗಾರರ ಮನೆಯ ಮಗಳಾದ ಅವಳಿಗೆ ಆ ಖುಷಿಯಲ್ಲಿ ಊಟ ತಿಂಡಿಯೂ ನೆನಪಾಗುತ್ತಿರಲಿಲ್ಲ.

ಹನ್ನೊಂದು ಗಂಟೆಗೆ ಸಫಿಯಾ ಬಾಗಿಲು ತಳ್ಳಿಕೊಂಡು ಬಂದಳು. ಆ ಊರಿನ ಹೆಂಗಸರ ಮುಖ್ಯಸ್ಥೆ, ಮಂಗಳೂರಿನಲ್ಲಿ ನರ್ಸಿಂಗ್ ಓದಿದವಳು. ಅವಳ ತಮ್ಮ ಮೂಸಾ ಎಂಟು ಜನರೊಂದಿಗೆ ಟ್ಯೂನಾ ಹಿಡಿಯಲು ಹೋಗಿದ್ದ. ಮೊನ್ನೆ ಅವನ ದೋಣಿಗೆ ಸಿಡಿಲು ಬಡಿದದ್ದನ್ನು ದೂರದಿಂದ ಕಂಡವರಿದ್ದರು, ಆಮೇಲೆ ಸುದ್ದಿಯಿಲ್ಲ. ಮೋಡ ಕವಿದು, ಹುಡುಕಲು ಹೋದ ವಿಮಾನಗಳೂ ಬರಿಗೈಯಲ್ಲಿ ಮರಳಿದ್ದವು.

"ತಂತಿಯಲ್ಲಿ ಎಂಥ ಕೇಳಿತು ಮೇಡಂ?"

"ಎಂಥದೂ ಇಲ್ಲ ಸಫಿಯಕ್ಕ."

"ಹಾಗೆ ಆಗ್ಲಿಕ್ಕಿಲ್ಲ. ಕಡಲಿಗೆ ಚಮಚ ಬಿದ್ರೂ ಗೊತ್ತಾಗ್ತದೆ ಅಂತ ಶಾಲೆಯಲ್ಲಿ ಊರವರನ್ನೆಲ್ಲ ಕೂರಿಸಿ ನೀವೇ ಹೇಳಿದ್ದಲ್ವಾ? ತಂತಿ ಹೋಗುವ ದಾರಿಯನ್ನೂ ನಕ್ಷೆಯಲ್ಲಿ ತೋರಿಸಿದ್ರಿ. ಮೂಸಾ ಮುಂದಿನ ಸಾಲಲ್ಲೇ ಕೂತಿದ್ದ. ಎಂಜಿನ್ ನಿಂತ್ರೆ ಅವ ಊರ ಕಡೆ ಹುಟ್ಟು ಹಾಕ್ಲಿಕ್ಕಿಲ್ಲ. ತಂತಿಯ ಮೇಲೆ ಹೋಗಿ ದೋಣಿ ಬಡೀತಾನೆ."

ಶಾಲೆಯಲ್ಲಿ ಪ್ರಣಮ್ಯಾ ಹೇಳದೆ ಬಿಟ್ಟ ಮಾತೊಂದಿತ್ತು. ಒಂದು ದೇಶ ಇನ್ನೊಂದರ ಹಡಗುಗಳ ಮೇಲೆ ಕಿವಿಯಿಡಬಾರದೆಂಬ ಒಪ್ಪಂದದಂತೆ, ಮನುಷ್ಯರು ಮಾಡುವ ಸದ್ದನ್ನೆಲ್ಲ ಯಂತ್ರ ಕೇಳಿದ ಕ್ಷಣದಲ್ಲೇ ಅಳಿಸಿಬಿಡುತ್ತಿತ್ತು. ಆ ಜರಡಿಯನ್ನು ಬರೆದವಳೂ ಅವಳೇ. ತನ್ನ ಮಾತನ್ನು ನಂಬಿ ಒಂಬತ್ತು ಜನ ಬಡಿಯುತ್ತಿದ್ದರೆ, ಆ ಬಡಿತವನ್ನು ಒರೆಸಿ ಹಾಕುತ್ತಿದ್ದವಳೂ ತಾನೇ.

ಜರಡಿ ತೆಗೆಯಲು ಎರಡೂ ದಡಗಳ ಕೀಲಿ ಒಟ್ಟಿಗೆ ತಿರುಗಬೇಕು. ಅದಕ್ಕೆ ಎರಡು ರಾಜಧಾನಿಗಳ ಅನುಮತಿ ಬೇಕು. ಅದು ಬರುವಷ್ಟರಲ್ಲಿ ವಾರ ಕಳೆಯುತ್ತದೆ.

"ಶಿಫಾ, ಜರಡಿ ತೆಗೆಯಬೇಕು. ಈಗಲೇ" ಎಂದು ಪ್ರಣಮ್ಯಾ ಪರದೆಯತ್ತ ತಿರುಗಿ ವಿಷಯ ಹೇಳಿದಳು.

"ಇಬ್ಬರ ಕೆಲಸವೂ ಹೋಗುತ್ತದೆ."

"ಒಂಬತ್ತು ಜನ ಇದ್ದಾರೆ."

ಆಚೆ ಕಡೆ ಕೀಲಿ ಹಾಕಿದ ಸದ್ದಾಯಿತು. "ಮೂರು ಎಣಿಸುತ್ತೇನೆ" ಎಂದಳು ಶಿಫಾ.

ಕೋಣೆಗೆ ಸದ್ದು ನುಗ್ಗಿತು. ತೈಲ ಹಡಗುಗಳ ಗುಡುಗುಡು, ಎಲ್ಲೋ ಲಂಗರು ಎಳೆಯುವ ಕಿರ್ರ್. ತೀರ ಆಳದಲ್ಲಿ ಕಳ್ಳಹೆಜ್ಜೆಯಿಟ್ಟು ಸಾಗುತ್ತಿದ್ದ ಯಾವುದೋ ಜಲಾಂತರ್ಗಾಮಿಯೂ ಕೇಳಿತು. ಇಬ್ಬರೂ ಕೇಳದವರಂತೆ ಮುಂದೆ ಹೋದರು. ಪ್ರಣಮ್ಯಾ ಕಿಲೋಮೀಟರ್ ಕಿಲೋಮೀಟರಾಗಿ ಕಿವಿ ಸರಿಸಿದಳು. ಎಪ್ಪತ್ತೊಂದನೆಯದರಲ್ಲಿ ನಿಂತಳು. ಟಕ್ ಟಕ್ ಟಕ್. ಬಿಡುವು. ಟಕ್ ಟಕ್.

"ನಮ್ಮೂರ ಪಂದ್ಯದ ದೋಣಿಯಲ್ಲಿ ಹುಟ್ಟು ಹಾಕುವ ತಾಳ ಇದು" ಎಂದ ಸಫಿಯಾ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು.

"ಗಡಿ ದಾಟಿದ್ದಾರೆ, ನನ್ನ ಕಡೆಗಿದ್ದಾರೆ. ನಮ್ಮ ರಕ್ಷಣಾ ದೋಣಿ ಹೊರಟಿತು" ಎಂದಳು ಶಿಫಾ.

ಸಂಜೆ ನಾಲ್ಕಕ್ಕೆ ಅದೇ ತಂತಿಯ ಮೂಲಕ ಪರದೆಯ ಮೇಲೆ, ಶಿಫಾಳ ಪಕ್ಕದಲ್ಲಿ, ಮೂಸಾನ ಮುಖ ಮೂಡಿತು. ಉಪ್ಪುನೀರಿಗೆ ತುಟಿ ಒಡೆದಿತ್ತು. "ಮೇಡಂ, ನಿಮ್ಮ ತಂತಿಗೆ ಸ್ವಲ್ಪ ಕಿವುಡು ಉಂಟಾ? ಎರಡು ದಿನದಿಂದ ಬಡೀತಾ ಇದ್ದೇವೆ."

ಪ್ರಣಮ್ಯಾ ನಕ್ಕಳು, ಅತ್ತಳು, ಸಫಿಯಾಳನ್ನು ತಬ್ಬಿಕೊಂಡು ಕೋಣೆಯಲ್ಲೇ ಒಂದು ಸುತ್ತು ಕುಣಿದಳು. ಕೆಲಸ ಹೋದರೆ ಹೋಗಲಿ ಎನಿಸಿತು.

"ಇಂಥ ತಂತಿ ಮೊದಲು ಇರ್ಲಿಲ್ವಾ ಮೇಡಂ?" ಎಂದು ಸಫಿಯಾ ಕಣ್ಣೊರೆಸಿಕೊಂಡು ಕೇಳಿದಳು.

"ಇತ್ತು ಸಫಿಯಕ್ಕ. ಈ ದ್ವೀಪಗಳಿಗೂ ಬಂದಿತ್ತು. ಇದೇ ಗಾಜು, ಇದೇ ಬೆಳಕು. ಹಿಂದೆ ಬರುವ ಬೆಳಕನ್ನು ಓದುವವರು ಇರ್ಲಿಲ್ಲ ಅಷ್ಟೇ."

ಹೇಳುತ್ತಿದ್ದಂತೆ ಅವಳ ನಗು ನಿಂತಿತು. 2026ರಲ್ಲಿ ಮಲ್ಪೆಯಿಂದ ಹೊರಟ ಅವಳ ಸೋದರಮಾವನ ದೋಣಿ ಇದೇ ದ್ವೀಪಗಳ ಬಳಿ ಕಾಣೆಯಾಗಿತ್ತು. ಅವಳಿಗಾಗ ಹತ್ತು ವರ್ಷ.

"ಮಾವನೂ ಬಡಿದಿರ್ತಾರೆ" ಎಂದಳು. "ಕೆಳಗೆ ತಂತಿ ಇತ್ತು."